ನಿನ್ನೆಯ ಅಡಿಕೆ ರೇಟು, ಟರ್ಮಿನಲ್ ಇಲ್ಲದ ಸರ್ವರ್

ಪಿಎಚ್‌ಪಿ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟುವ ಚೌಕಟ್ಟು ಲಾರಾವೆಲ್. ಅದರಲ್ಲಿ ಕ್ಯಾಶ್, ಅಂದರೆ ವೇಗಕ್ಕಾಗಿ ಎತ್ತಿಟ್ಟುಕೊಂಡ ಪ್ರತಿ, ತೆಗೆಯೋದು ಹೇಗೆ ಅಂತ ಯಾರನ್ನೇ ಕೇಳಿ, ಒಂದೇ ಉತ್ತರ ಬರುತ್ತದೆ. ಟರ್ಮಿನಲ್ (ಕಮಾಂಡ್ ಹೊಡೆಯುವ ಕಿಟಕಿ) ತೆರೆ, ‘ಪಿಎಚ್‌ಪಿ ಆರ್ಟಿಸನ್ ಆಪ್ಟಿಮೈಜ್:ಕ್ಲಿಯರ್’ ಅಂತ ಹೊಡಿ, ಆಯ್ತು. ಟರ್ಮಿನಲ್ಲೇ ಇಲ್ಲ ಅಂದರೆ? ಹೇಳುತ್ತಿದ್ದವರು ಅಲ್ಲಿಗೆ ಸುಮ್ಮನಾಗುತ್ತಾರೆ, ಇಲ್ಲವೇ ಹೋಸ್ಟಿಂಗ್ ಬದಲಿಸಿ ಅನ್ನುತ್ತಾರೆ. ನಮ್ಮ ಕಡೆಯ ಅಂಗಡಿ, ಶಾಲೆ, ಸಂಘಗಳ ಸೈಟ್‌ಗಳು ಓಡುವುದೇ ವರ್ಷಕ್ಕೊಮ್ಮೆ ದುಡ್ಡು ಕಟ್ಟುವ, ಒಂದೇ ಸರ್ವರನ್ನು ಹಲವರು ಹಂಚಿಕೊಳ್ಳುವ ಅಗ್ಗದ ಶೇರ್ಡ್ ಹೋಸ್ಟಿಂಗ್ ಮೇಲೆ. ಅಲ್ಲಿ ಬ್ರೌಸರ್‌ನಲ್ಲೇ ಸೈಟ್ ನೋಡಿಕೊಳ್ಳುವ ಸಿಪ್ಯಾನೆಲ್ ಇರುತ್ತದೆ, ಫೈಲ್ ಮ್ಯಾನೇಜರ್ ಇರುತ್ತದೆ, ಡೇಟಾಬೇಸ್ ನೋಡುವ ಪಿಎಚ್‌ಪಿಮೈಅಡ್ಮಿನ್ ಇರುತ್ತದೆ. ದೂರದಿಂದ ಸರ್ವರ್‌ನ ಟರ್ಮಿನಲ್ ತೆರೆಯುವ ಎಸ್‌ಎಸ್‌ಎಚ್ ಮಾತ್ರ ಇರುವುದಿಲ್ಲ.

ನನ್ನ ಪಾಲಿಗೆ ಬಂದದ್ದು ಶಿರಸಿಯ ಒಂದು ಅಡಿಕೆ ದಲಾಲಿ ಅಂಗಡಿಯ ಸೈಟ್. ಮೊದಲು ಬೇರೆ ಯಾರೋ ಲಾರಾವೆಲ್ 8ರಲ್ಲಿ ಮಾಡಿಕೊಟ್ಟಿದ್ದರು. ಆಮೇಲೆ ಇನ್ನೊಬ್ಬರು ಬಂದು ಅಷ್ಟಿಷ್ಟು ಸೇರಿಸಿ ಹೋಗಿದ್ದರು. ಸೈಟ್‌ನ ಮುಖ್ಯ ಕೆಲಸ ಒಂದೇ. ಟೆಂಡರ್ ಮುಗಿದ ಮೇಲೆ ಆ ದಿನದ ರೇಟ್ ತೋರಿಸುವುದು. ರಾಶಿ, ಚಾಲಿ, ಬೆಟ್ಟೆ, ಬಿಳೆಗೋಟು, ಕೆಂಪುಗೋಟು, ಕೋಕಾ. ಪ್ರತಿಯೊಂದಕ್ಕೂ ಕ್ವಿಂಟಲ್‌ಗೆ ಕನಿಷ್ಠ, ಗರಿಷ್ಠ, ಸರಾಸರಿ. ಊರಿನ ಬೆಳೆಗಾರರು ಅದನ್ನು ನೋಡಿಯೇ ಚೀಲ ತರಬೇಕೋ ಬೇಡವೋ ಅಂತ ತೀರ್ಮಾನ ಮಾಡುವವರು. ರೇಟ್ ಹಳೇದಾದರೆ ಫೋನ್ ಬರುವುದು ಯಜಮಾನರಿಗೆ, ಅವರಿಂದ ನನಗೆ.

"ತಮಾ, ಇನ್ನೂ ನಿನ್ನೆ ರೇಟೇ ತೋರಿಸ್ತಾ ಇದ್ದು."

ಅದರ ಜೊತೆಗೆ ಇನ್ನೊಂದು ದೂರು. ಸೈಟ್‌ನ ‘ಸಂಪರ್ಕಿಸಿ’ ಫಾರಂ ತುಂಬಿದರೆ ಮೇಲ್ ಬರುತ್ತಿಲ್ಲ. ಇದರ ಕಾರಣ ಗೊತ್ತಿತ್ತು. ಅಂಗಡಿಯ ಮೇಲ್‌ಗೆ ಹೊಸ ಪಾಸ್‌ವರ್ಡ್ ಇಟ್ಟಿದ್ದರು, ಸೈಟ್‌ಗೆ ಹೇಳಿರಲಿಲ್ಲ. ಫೈಲ್ ಮ್ಯಾನೇಜರ್ ತೆರೆದೆ. ಸೆಟ್ಟಿಂಗ್ಸ್‌ನಲ್ಲಿ ‘ಶೋ ಹಿಡನ್ ಫೈಲ್ಸ್’ಗೆ ಟಿಕ್ ಹಾಕಿದೆ. ಚುಕ್ಕಿಯಿಂದ ಶುರುವಾಗುವ ಫೈಲ್‌ಗಳು ಅದಿಲ್ಲದೆ ಕಾಣುವುದೇ ಇಲ್ಲ. ಸೈಟ್‌ನ ಪಾಸ್‌ವರ್ಡ್, ಸೆಟ್ಟಿಂಗ್‌ಗಳನ್ನು ಬರೆದಿಡುವ ಡಾಟ್ ಇಎನ್‌ವಿ ಫೈಲ್‌ನಲ್ಲಿ ಹೊಸ ಪಾಸ್‌ವರ್ಡ್ ಬರೆದು ಉಳಿಸಿದೆ. ಫಾರಂ ತುಂಬಿ ನೋಡಿದೆ. ಮೇಲ್ ಇಲ್ಲ. ಸ್ಟೋರೇಜ್/ಲಾಗ್ಸ್ ಒಳಗಿನ ಲಾರಾವೆಲ್.ಲಾಗ್‌ನ ತುದಿಗೆ ಹೋಗಿ ನೋಡಿದರೆ ಅದೇ 535 ದೋಷ. ಪಾಸ್‌ವರ್ಡ್ ತಪ್ಪು ಅಂತ ಮೇಲ್ ಸರ್ವರ್ ಹೇಳುವ ಮಾತು ಅದು. ನಾನು ಬರೆದದ್ದನ್ನು ಸೈಟ್ ಓದುತ್ತಲೇ ಇಲ್ಲ.

ಹೋಸ್ಟಿಂಗ್‌ನವರ ಚಾಟ್‌ನಲ್ಲಿ ಎಸ್‌ಎಸ್‌ಎಚ್ ಕೊಡ್ತೀರಾ ಅಂತ ಕೇಳಿದೆ. ಈ ಪ್ಲಾನ್‌ನಲ್ಲಿ ಇಲ್ಲ, ಮೇಲಿನ ಪ್ಲಾನ್ ತಗೊಳ್ಳಿ ಅಂದರು. ನೀವೇ ಒಂದು ಕಮಾಂಡ್ ಹೊಡೆದು ಕೊಡಿ ಅಂದೆ. ಅದು ನಮ್ಮ ಬೆಂಬಲದ ವ್ಯಾಪ್ತಿಗೆ ಬರುವುದಿಲ್ಲ ಅಂದರು. ಸರಿ.

ಇಲ್ಲೊಂದು ವಿಷಯ ಹೇಳಲೇಬೇಕು. ಆರ್ಟಿಸನ್ ಅನ್ನುವ ಲಾರಾವೆಲ್‌ನದೇ ಕಮಾಂಡ್‌ಗಳ ಬಗ್ಗೆ ನಮಗೆಲ್ಲ ಒಂದು ಭಯಭಕ್ತಿ ಇದೆ. ಒಳಗೆ ಏನೋ ದೊಡ್ಡದು ನಡೆಯುತ್ತದೆ ಅಂದುಕೊಂಡಿರುತ್ತೇವೆ. ಲಾರಾವೆಲ್‌ನ ಕೋಡ್ ತೆರೆದು ನೋಡಿದರೆ ‘ಕಾನ್ಫಿಗ್:ಕ್ಲಿಯರ್’ ಮಾಡುವುದು ಇಷ್ಟೇ: ಬೂಟ್‌ಸ್ಟ್ರ್ಯಾಪ್/ಕ್ಯಾಶ್ ಫೋಲ್ಡರ್‌ನಲ್ಲಿರುವ ಕಾನ್ಫಿಗ್.ಪಿಎಚ್‌ಪಿ ಅನ್ನೋ ಒಂದು ಫೈಲ್ ಅಳಿಸುವುದು. ‘ರೂಟ್:ಕ್ಲಿಯರ್’ ಅಂದರೆ ಅದೇ ಫೋಲ್ಡರ್‌ನ ರೂಟ್ಸ್-ವಿ7.ಪಿಎಚ್‌ಪಿ, ಅಂದರೆ ಸೈಟ್‌ನ ವಿಳಾಸಗಳ (ರೂಟ್‌ಗಳ) ಪಟ್ಟಿ, ಅಳಿಸುವುದು. ‘ವ್ಯೂ:ಕ್ಲಿಯರ್’ ಅಂದರೆ ಸ್ಟೋರೇಜ್/ಫ್ರೇಮ್‌ವರ್ಕ್/ವ್ಯೂಸ್ ಒಳಗಿನ ಉದ್ದುದ್ದ ಹೆಸರಿನ ಫೈಲ್‌ಗಳನ್ನು ಅಳಿಸುವುದು. ‘ಆಪ್ಟಿಮೈಜ್:ಕ್ಲಿಯರ್’ ಇವನ್ನೆಲ್ಲ ಒಂದಾದ ಮೇಲೆ ಒಂದು ಕರೆಯುತ್ತದೆ. ಅಂದ ಮೇಲೆ ಫೈಲ್ ಅಳಿಸುವ ಅಧಿಕಾರ ನನಗಿದ್ದರೆ ಟರ್ಮಿನಲ್ ಯಾಕೆ ಬೇಕು? ಯಾವ ಫೈಲ್ ಅನ್ನೋದು ಗೊತ್ತಿದ್ದರೆ ಸಾಕು. ಯಾವುದನ್ನು ಮುಟ್ಟಬಾರದು ಅನ್ನೋದೂ ಗೊತ್ತಿರಬೇಕು, ಅದಿನ್ನೂ ಮುಖ್ಯ.

ಬೂಟ್‌ಸ್ಟ್ರ್ಯಾಪ್/ಕ್ಯಾಶ್ ಒಳಗೆ ಹೋದೆ. ಕಾನ್ಫಿಗ್.ಪಿಎಚ್‌ಪಿ ಅಲ್ಲೇ ಕೂತಿತ್ತು. ಸೆಟ್ಟಿಂಗ್‌ಗಳನ್ನೆಲ್ಲ ಒಟ್ಟು ಮಾಡಿಟ್ಟ ಪ್ರತಿ ಅದು. ಈ ಫೈಲ್ ಅಲ್ಲಿದ್ದರೆ ಲಾರಾವೆಲ್ ಡಾಟ್ ಇಎನ್‌ವಿಯ ಕಡೆ ತಿರುಗಿಯೂ ನೋಡುವುದಿಲ್ಲ. ನೀವು ಎಷ್ಟು ಸಲ ಪಾಸ್‌ವರ್ಡ್ ತಿದ್ದಿದರೂ ಅಷ್ಟೇ. ಯಜಮಾನರಿಗೆ ಫೋನ್‌ನಲ್ಲಿ ಹೇಳಿದ್ದು ಹೀಗೆ: "ಅಂಗಡಿ ಬಾಗಿಲಲ್ಲಿ ಬೋರ್ಡ್ ಮೇಲೆ ಸೀಮೆಸುಣ್ಣದಲ್ಲಿ ರೇಟ್ ಬರೀತೀರಲ್ಲ, ಒಳಗೆ ಪುಸ್ತಕದಲ್ಲಿ ಬದಲಾಯಿಸಿದರೂ ಬೋರ್ಡ್ ಒರೆಸೋವರೆಗೆ ಜನ ಓದೋದು ಹಳೇದನ್ನೇ." ಅವರಿಗೆ ಅರ್ಥವಾಯಿತು. "ಹಂಗಾರೆ ಒರೆಸು" ಅಂದರು.

ಒರೆಸುವ ಮೊದಲು ಒಂದು ಕೆಲಸ ಇತ್ತು. ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ‘ವ್ಯೂ’ ಕೊಟ್ಟೆ. ಒಂದೇ ಒಂದು ದೊಡ್ಡ ಅರೇ. ಆ್ಯಪ್ ಹೆಸರು, ಡೇಟಾಬೇಸ್ ಪಾಸ್‌ವರ್ಡ್, ಮೇಲ್ ಪಾಸ್‌ವರ್ಡ್, ಸೆಷನ್ ಎಲ್ಲಿ ಇಡಬೇಕು, ಎಲ್ಲವೂ ಬಿಚ್ಚಿಟ್ಟ ಹಾಗೆ. ಇನ್ನೊಂದು ಟ್ಯಾಬ್‌ನಲ್ಲಿ ಡಾಟ್ ಇಎನ್‌ವಿ ತೆರೆದು ಎರಡನ್ನೂ ಸಾಲು ಸಾಲಾಗಿ ಹೋಲಿಸಿದೆ. ಯಾಕಂದರೆ ಕಾನ್ಫಿಗ್.ಪಿಎಚ್‌ಪಿ ಹೋದ ಕ್ಷಣದಿಂದ ಡಾಟ್ ಇಎನ್‌ವಿಯಲ್ಲಿ ಇರುವುದೆಲ್ಲ ಜೀವಂತ ಆಗುತ್ತದೆ. ಅದರಲ್ಲಿ ಯಾರು ಯಾವಾಗ ಏನು ಬರೆದು ಬಿಟ್ಟಿದ್ದಾರೋ!

ಬಿಟ್ಟಿದ್ದರು. ಕಾನ್ಫಿಗ್.ಪಿಎಚ್‌ಪಿಯಲ್ಲಿ ಡಿಬಗ್ ‘ಫಾಲ್ಸ್’ ಅಂತ ಇತ್ತು. ಡಾಟ್ ಇಎನ್‌ವಿಯಲ್ಲಿ ಆ್ಯಪ್ ಡಿಬಗ್ ‘ಟ್ರೂ’. ಏನಾಗಿರಬೇಕು ಅಂತ ಊಹಿಸಬಹುದು. ಎಂದೋ ಏನೋ ತೊಂದರೆ ಬಂದಾಗ ದೋಷ ನೋಡೋಣ ಅಂತ ಯಾರೋ ಡಿಬಗ್ ಹಾಕಿದ್ದಾರೆ. ಕ್ಯಾಶ್ ಇದ್ದದ್ದರಿಂದ ಏನೂ ಬದಲಾಗಿಲ್ಲ. ಹಾಗೇ ಬಿಟ್ಟು ಹೋಗಿದ್ದಾರೆ. ನಾನು ನೋಡದೆ ಕ್ಯಾಶ್ ತೆಗೆದಿದ್ದರೆ ಮುಂದಿನ ದೋಷಕ್ಕೆ ಸೈಟ್ ತನ್ನ ಒಳಗಿನದ್ದನ್ನೆಲ್ಲ ಬಂದವರಿಗೆ ತೋರಿಸುತ್ತಿತ್ತು. ಅದನ್ನು ‘ಫಾಲ್ಸ್’ ಮಾಡಿದೆ. ಡೇಟಾಬೇಸ್ ಪಾಸ್‌ವರ್ಡ್ ಎರಡರಲ್ಲೂ ಒಂದೇ ಇತ್ತು, ಪುಣ್ಯ. ಹೊಸ ಮೇಲ್ ಪಾಸ್‌ವರ್ಡ್‌ನಲ್ಲಿ ಹ್ಯಾಶ್ ಚಿಹ್ನೆ ಇತ್ತು. ಉದ್ಧರಣ ಚಿಹ್ನೆಯೊಳಗೆ ಇಡದಿದ್ದರೆ ಹ್ಯಾಶ್‌ನಿಂದ ಮುಂದಿನದು ಟಿಪ್ಪಣಿ ಅಂತ ಲೆಕ್ಕ, ಅರ್ಧ ಪಾಸ್‌ವರ್ಡ್ ಮಾತ್ರ ಉಳಿಯುತ್ತದೆ. ಅದನ್ನೂ ಸರಿಮಾಡಿದೆ.

ಆಮೇಲೂ ಅಳಿಸಲಿಲ್ಲ. ಹೆಸರು ಬದಲಿಸಿದೆ, ಅಷ್ಟೇ. ಕಾನ್ಫಿಗ್.ಪಿಎಚ್‌ಪಿಯನ್ನು ಕಾನ್ಫಿಗ್-ಹಳೇದು ಅಂತ ಮಾಡಿದರೆ ಲಾರಾವೆಲ್‌ಗೆ ಅದು ಇಲ್ಲದ ಹಾಗೆಯೇ. ಏನಾದರೂ ಎಡವಟ್ಟಾದರೆ ಹೆಸರು ವಾಪಸ್ ಇಟ್ಟರೆ ಮೊದಲಿನಂತೆ ಆಗುತ್ತದೆ. ಟರ್ಮಿನಲ್‌ನಲ್ಲಿ ಕೆಲಸ ಮಾಡುವವರಿಗೆ ಈ ಸೌಕರ್ಯ ನೆನಪಿಗೇ ಬರುವುದಿಲ್ಲ. ಮುಖಪುಟ ತೆರೆದೆ, ಬಂತು. ಫಾರಂ ತುಂಬಿದೆ, ಮೇಲ್ ಬಂತು. ಆಮೇಲೆ ಆ ಹಳೇ ಫೈಲ್ ಪೂರ್ತಿ ತೆಗೆದೆ. ಪಾಸ್‌ವರ್ಡ್‌ಗಳಿರುವ ಫೈಲ್ ಬೇರೆ ಹೆಸರಲ್ಲಿ ಬಿದ್ದಿರುವುದು ಒಳ್ಳೆಯದಲ್ಲ. ಅಳಿಸುವಾಗ ಸಿಪ್ಯಾನೆಲ್ ‘ಸ್ಕಿಪ್ ದ ಟ್ರ್ಯಾಶ್’ ಅಂತ ಒಂದು ಟಿಕ್ ಕೇಳುತ್ತದೆ. ಅದನ್ನು ಹಾಕದಿದ್ದರೆ ಫೈಲ್ ಡಾಟ್ ಟ್ರ್ಯಾಶ್ ಫೋಲ್ಡರ್‌ಗೆ ಹೋಗಿ ಕೂರುತ್ತದೆ, ಜಾಗವೂ ಖಾಲಿಯಾಗುವುದಿಲ್ಲ.

ಅದೇ ಫೋಲ್ಡರ್‌ನಲ್ಲಿ ಪ್ಯಾಕೇಜಸ್.ಪಿಎಚ್‌ಪಿ, ಸರ್ವೀಸಸ್.ಪಿಎಚ್‌ಪಿ ಅಂತ ಇನ್ನೆರಡು ಇರುತ್ತವೆ. ಅವನ್ನು ಅಳಿಸಿದರೂ ಭಯವಿಲ್ಲ, ಮುಂದಿನ ಸಲ ಪುಟ ತೆರೆದಾಗ ಲಾರಾವೆಲ್ ತಾನೇ ಮತ್ತೆ ಬರೆದುಕೊಳ್ಳುತ್ತದೆ. ತಮ್ಮ ಲ್ಯಾಪ್‌ಟಾಪ್‌ನಿಂದ ಇಡೀ ಪ್ರಾಜೆಕ್ಟ್ ಜಿಪ್ ಮಾಡಿ ಏರಿಸುವವರಿಗೆ ಇವು ಕಾಟ ಕೊಡುತ್ತವೆ. ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇದ್ದ ಪ್ಯಾಕೇಜಿನ ಹೆಸರು ಪಟ್ಟಿಯಲ್ಲಿ ಉಳಿದು, ಸರ್ವರ್‌ನಲ್ಲಿ ‘ಕ್ಲಾಸ್ ನಾಟ್ ಫೌಂಡ್’ ಬರುತ್ತದೆ. ಹಾಗೇ ಕಾನ್ಫಿಗ್.ಪಿಎಚ್‌ಪಿಯೂ ಜಿಪ್ ಜೊತೆ ಬಂದರೆ ಇನ್ನೂ ಮಜಾ. ಲಿನಕ್ಸ್ ಸರ್ವರ್‌ನ ಲಾಗ್‌ನಲ್ಲಿ ‘ಸಿ:\ಎಕ್ಸ್ಎಎಂಪಿಪಿ\ಎಚ್‌ಟಿಡಾಕ್ಸ್’ ಅಂತ ವಿಂಡೋಸ್‌ನ ದಾರಿ ಕಾಣುತ್ತದೆ. ಸ್ನೇಹಿತರೊಬ್ಬರು ನೋಡಿಕೊಳ್ಳುವ ಶಾಲೆಯ ಸೈಟ್‌ನಲ್ಲಿ ಅದನ್ನು ನೋಡಿ ನಕ್ಕಿದ್ದೆ. ಆ ಒಂದು ಫೈಲ್ ತೆಗೆದದ್ದೇ ಸೈಟ್ ಎದ್ದು ಕೂತಿತು.

ಮುಟ್ಟಬಾರದ್ದು ಫೋಲ್ಡರ್. ಒಳಗಿನದನ್ನು ತೆಗೆಯಿರಿ, ಫೋಲ್ಡರ್ ಇರಲಿ. ಬೂಟ್‌ಸ್ಟ್ರ್ಯಾಪ್‌ನ ಕ್ಯಾಶ್ ಫೋಲ್ಡರ್ ಇಲ್ಲದಿದ್ದರೆ ಅದು ಇರಲೇಬೇಕು, ಬರೆಯಲು ಅನುಮತಿಯೂ ಇರಬೇಕು ಅಂತ ಲಾರಾವೆಲ್ ಹಟ ಹಿಡಿಯುತ್ತದೆ. ವ್ಯೂಸ್ ಫೋಲ್ಡರ್ ಹೋದರೆ ‘ಪ್ಲೀಸ್ ಪ್ರೊವೈಡ್ ಎ ವ್ಯಾಲಿಡ್ ಕ್ಯಾಶ್ ಪಾತ್’ ಅಂತ ಬರುತ್ತದೆ. ಅದನ್ನು ನೋಡಿದವರು ಕಾನ್ಫಿಗ್ ಎಲ್ಲ ಜಾಲಾಡುತ್ತಾರೆ, ಖಾಲಿ ಫೋಲ್ಡರ್ ಒಂದು ಮಾಡಿದರೆ ಮುಗಿಯುವ ಕೆಲಸ. ಸೆಷನ್ಸ್ ಫೋಲ್ಡರ್‌ನ ತಂಟೆಗೂ ಹೋಗಬೇಡಿ. ಅದನ್ನು ಬಳಿದರೆ ಒಳಗೆ ಲಾಗಿನ್ ಆಗಿದ್ದವರೆಲ್ಲ ಹೊರಗೆ. ನಾನು ಕೆಲಸ ಮಾಡುತ್ತಿದ್ದ ಹೊತ್ತಿಗೆ ಅಂಗಡಿಯ ಹುಡುಗ ಅಡ್ಮಿನ್‌ನಲ್ಲಿ ಕೂತು ಲೆಕ್ಕ ತುಂಬುತ್ತಿದ್ದ.

ಮೇಲ್‌ನ ಕತೆ ಮುಗಿಯಿತು. ರೇಟ್ ಮಾತ್ರ ಅಲ್ಲಾಡಲಿಲ್ಲ.

ಅದು ಬೇರೆ ಕ್ಯಾಶ್. ಕಾನ್ಫಿಗ್‌ಗೂ ಅದಕ್ಕೂ ಸಂಬಂಧ ಇಲ್ಲ. ಮುಖಪುಟದ ಕಂಟ್ರೋಲರ್ (ಪುಟ ತಯಾರಿಸುವ ಕೋಡ್) ತೆರೆದು ನೋಡಿದೆ. ಡೇಟಾಬೇಸ್‌ನಿಂದ ರೇಟ್ ತೆಗೆದು ‘ಕ್ಯಾಶ್ ರಿಮೆಂಬರ್ ಫಾರೆವರ್’ ಅಂತ ಇಟ್ಟಿದ್ದರು. ದಿನಕ್ಕೊಮ್ಮೆ ಬದಲಾಗುವ ರೇಟ್‌ಗೆ ಫಾರೆವರ್! ಮೊದಲು ನನಗೂ ಸಿಟ್ಟು ಬಂತು. ಆಮೇಲೆ ರೇಟ್ ಉಳಿಸುವ ಕೋಡ್ ಇರುವ ಮಾಡೆಲ್ ಫೈಲ್ ನೋಡಿದರೆ, ಮೊದಲಿನವರು ಬುದ್ಧಿವಂತಿಕೆಯಿಂದಲೇ ಮಾಡಿದ್ದರು. ಅಡ್ಮಿನ್‌ನಲ್ಲಿ ಒಂದು ರೇಟ್ ಉಳಿಸಿದ ಕೂಡಲೇ ಆ ಕ್ಯಾಶ್ ಮರೆತುಬಿಡು ಅಂತ ಬರೆದಿದ್ದರು. ಹಾಗಾದರೆ ಕೆಟ್ಟದ್ದು ಎಲ್ಲಿ? ಎರಡನೆಯವರು ಸೇರಿಸಿದ ಎಕ್ಸೆಲ್ ಅಪ್‌ಲೋಡ್‌ನಲ್ಲಿ. ಹುಡುಗ ಈಗ ಒಂದೊಂದೇ ರೇಟ್ ತುಂಬುತ್ತಿರಲಿಲ್ಲ, ಎಕ್ಸೆಲ್ ಫೈಲ್ ಏರಿಸುತ್ತಿದ್ದ. ಅದು ಎಲ್ಲ ಸಾಲುಗಳನ್ನೂ ಒಂದೇ ಏಟಿಗೆ ಡೇಟಾಬೇಸ್‌ಗೆ ತುರುಕುತ್ತದೆ. ಹೀಗೆ ಒಟ್ಟಿಗೆ ಇನ್ಸರ್ಟ್ ಮಾಡಿದರೆ ಲಾರಾವೆಲ್‌ನಲ್ಲಿ ಮಾಡೆಲ್‌ನ ‘ಸೇವ್ಡ್’ ಇವೆಂಟ್ (ಉಳಿಸಿ ಆಯ್ತು ಅನ್ನುವ ಸೂಚನೆ) ಏಳುವುದೇ ಇಲ್ಲ. ಇವೆಂಟ್ ಇಲ್ಲ, ಮರೆವಿಲ್ಲ. ಪಿಎಚ್‌ಪಿಮೈಅಡ್ಮಿನ್‌ನಲ್ಲಿ ನೋಡಿದರೆ ಟೇಬಲ್‌ನಲ್ಲಿ ಇವತ್ತಿನ ರೇಟ್ ಸರಿಯಾಗಿಯೇ ಇತ್ತು.

ಕ್ಯಾಶ್ ಡ್ರೈವರ್, ಅಂದರೆ ಕ್ಯಾಶ್ ಇಡುವ ಬಗೆ, ‘ಫೈಲ್’ ಅಂತ ಡಾಟ್ ಇಎನ್‌ವಿಯಲ್ಲಿತ್ತು. ಅಂದರೆ ಇರುವುದು ಸ್ಟೋರೇಜ್/ಫ್ರೇಮ್‌ವರ್ಕ್/ಕ್ಯಾಶ್/ಡೇಟಾ ಒಳಗೆ. ಅಲ್ಲಿ ಎರಡೆರಡು ಅಕ್ಷರದ ಫೋಲ್ಡರ್‌ಗಳು, ಪ್ರತಿಯೊಂದರೊಳಗೆ ಮತ್ತೆ ಎರಡಕ್ಷರದ ಫೋಲ್ಡರ್, ಅದರೊಳಗೆ 40 ಅಕ್ಷರದ ಹೆಸರಿನ ಒಂದು ಫೈಲ್. ಹೆಸರು ನೋಡಿ ಒಳಗೇನಿದೆ ಅಂತ ಹೇಳಲಾಗುವುದಿಲ್ಲ. ಕುತೂಹಲಕ್ಕೆ ಕೆಲವನ್ನು ತೆರೆದೆ. ಪ್ರತಿ ಫೈಲ್‌ನ ಮೊದಲ ಹತ್ತು ಅಂಕಿ ಅದು ಯಾವಾಗ ಹಳಸುತ್ತದೆ ಅನ್ನುವ ಸಮಯ, 1970ರಿಂದ ಎಣಿಸಿದ ಸೆಕೆಂಡ್‌ಗಳಲ್ಲಿ. ಅದಾದ ಮೇಲೆ ಮಾಹಿತಿ. ಒಂದರಲ್ಲಿ ಮೊದಲ ಹತ್ತು ಅಂಕಿ ಹೀಗಿತ್ತು: 9999999999. ಆಮೇಲೆ ಕೋಲನ್, ಕಂಸ, ಸೆಮಿಕೋಲನ್‌ಗಳ ರಾಶಿ, ಅದರ ನಡುವೆ ಚಾಲಿ, ಬೆಟ್ಟೆ, ಕೋಕಾ, ಪಕ್ಕದಲ್ಲಿ ನಿನ್ನೆಯ ಅಂಕಿಗಳು. ಸಿಕ್ಕಿಬಿತ್ತು.

ಆ ಹತ್ತು ಒಂಬತ್ತುಗಳನ್ನು ತಾರೀಖಿಗೆ ತಿರುಗಿಸಿದರೆ 2286ನೇ ಇಸವಿಯ ನವೆಂಬರ್ 20 ಬರುತ್ತದೆ. ಲಾರಾವೆಲ್‌ನ ‘ಶಾಶ್ವತ’ ಅಂದರೆ ಅಷ್ಟು. ಯಾರೂ ಕೈ ಹಾಕದಿದ್ದರೆ ಅಲ್ಲಿಯವರೆಗೂ ಚಾಲಿಗೆ ಅದೇ ರೇಟ್.

ಡೇಟಾ ಒಳಗಿನ ಫೋಲ್ಡರ್‌ಗಳನ್ನೆಲ್ಲ ಆರಿಸಿ ಅಳಿಸಿದೆ. ಡಾಟ್ ಗಿಟ್‌ಇಗ್ನೋರ್ ಫೈಲ್ ಬಿಟ್ಟೆ. ಅದು ಕೂತಿರುವುದರಿಂದಲೇ ಕೋಡ್‌ನ ಇತಿಹಾಸ ಇಡುವ ಗಿಟ್‌ನಲ್ಲಿ ಖಾಲಿ ಫೋಲ್ಡರ್ ಉಳಿಯುವುದು. ಫೈಲ್‌ಗಳು ತುಂಬಾ ಜಾಸ್ತಿ ಇದ್ದರೆ ಫೈಲ್ ಮ್ಯಾನೇಜರ್ ಒದ್ದಾಡುತ್ತದೆ. ಆಗ ಡೇಟಾ ಫೋಲ್ಡರ್‌ನ ಹೆಸರನ್ನೇ ಬದಲಿಸಿ, ಹೊಸದಾಗಿ ಖಾಲಿ ಡೇಟಾ ಮಾಡಿ, ಹಳೇದನ್ನು ಪುರುಸೊತ್ತಾಗಿ ಅಳಿಸುವುದು ಸುಲಭ. ಇನ್ನೊಂದು ಮಾತು: 2024ರಲ್ಲಿ ಬಂದ ಲಾರಾವೆಲ್ 11ರಿಂದ ಹೊಸ ಪ್ರಾಜೆಕ್ಟ್‌ಗಳಲ್ಲಿ ಕ್ಯಾಶ್ ಡೇಟಾಬೇಸ್‌ನಲ್ಲಿಯೇ ಇರುತ್ತದೆ. ಅಂಥದ್ದರಲ್ಲಿ ಈ ಫೋಲ್ಡರ್ ಹುಡುಕಿ ಫಲವಿಲ್ಲ. ಪಿಎಚ್‌ಪಿಮೈಅಡ್ಮಿನ್‌ಗೆ ಹೋಗಿ ‘ಕ್ಯಾಶ್’ ಅನ್ನೋ ಟೇಬಲ್ ಎದುರಿನ ‘ಎಂಪ್ಟಿ’ ಒತ್ತಿ. ‘ಡ್ರಾಪ್’ ಅಲ್ಲ, ‘ಎಂಪ್ಟಿ’. ಪಕ್ಕಪಕ್ಕದಲ್ಲೇ ಇರುತ್ತವೆ.

ಮುಖಪುಟ ತೆರೆದೆ. ನನ್ನ ಪರದೆಯಲ್ಲಿ ಇವತ್ತಿನ ರೇಟ್. ಯಜಮಾನರಿಗೆ ಫೋನ್ ಮಾಡಿದೆ. ಅವರ ಮೊಬೈಲ್‌ನಲ್ಲಿ ನಿನ್ನೆಯದು. "ನಿಂಗೆ ಒಂದು ರೇಟು, ನಂಗೆ ಒಂದು ರೇಟಾ?" ಅಂದರು. ವ್ಯಾಪಾರಿಗಳ ಪ್ರಶ್ನೆ ಸರಿಯಾಗಿಯೇ ಇತ್ತು.

ನನ್ನ ಕಡೆ ಅಡ್ಮಿನ್ ಲಾಗಿನ್ ಇತ್ತು, ಅವರ ಕಡೆ ಇರಲಿಲ್ಲ. ಖಾಸಗಿ ಕಿಟಕಿಯಲ್ಲಿ ತೆರೆದರೆ ನನಗೂ ನಿನ್ನೆಯದೇ. ಬ್ರೌಸರ್‌ನಲ್ಲಿ ಎಫ್12 ಒತ್ತಿ, ‘ನೆಟ್‌ವರ್ಕ್’ ಭಾಗದಲ್ಲಿ ಮೊದಲ ಸಾಲು ಆರಿಸಿ, ಬಂದ ಹೆಡರ್‌ಗಳನ್ನು ನೋಡಿದೆ. ‘ಸಿಎಫ್-ಕ್ಯಾಶ್-ಸ್ಟೇಟಸ್: ಹಿಟ್’. ಕ್ಲೌಡ್‌ಫ್ಲೇರ್, ಸೈಟ್‌ಗೂ ನೋಡುವವರಿಗೂ ನಡುವೆ ಕೂತು ಪುಟ ಕೊಡುವ ಸೇವೆ. ಪುಟ ನಮ್ಮ ಸರ್ವರ್‌ವರೆಗೆ ಬಂದೇ ಇಲ್ಲ, ನಡುವೆಯೇ ಹಳೇ ಪ್ರತಿ ಕೊಟ್ಟು ಕಳಿಸಿದ್ದಾರೆ. ಕ್ಲೌಡ್‌ಫ್ಲೇರ್ ತಾನಾಗಿ ಚಿತ್ರ, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್‌ನಂಥ ಫೈಲ್‌ಗಳನ್ನು ಮಾತ್ರ ಇಟ್ಟುಕೊಳ್ಳುತ್ತದೆ, ಎಚ್‌ಟಿಎಂಎಲ್ ಪುಟ ಇಟ್ಟುಕೊಳ್ಳುವುದಿಲ್ಲ. ಇಲ್ಲಿ ಯಾರೋ ಸೈಟ್ ವೇಗ ಆಗಲಿ ಅಂತ ‘ಕ್ಯಾಶ್ ಎವೆರಿಥಿಂಗ್’ ನಿಯಮ ಹಾಕಿದ್ದರು, ಲಾಗಿನ್ ಕುಕ್ಕಿ ಇದ್ದವರನ್ನು ಮಾತ್ರ ಬಿಟ್ಟು. ನನಗೆ ಸರಿಯಾಗಿ ಕಂಡದ್ದು ಅದಕ್ಕೇ.

ಸೈಟ್ ನೋಡಿಕೊಳ್ಳುವವರು ಲಾಗಿನ್ ಆಗಿಯೇ ಪರೀಕ್ಷೆ ಮಾಡುತ್ತಾರೆ, ಸರಿ ಇದೆ ಅಂತ ಹೇಳಿ ಹೋಗುತ್ತಾರೆ, ಜನರಿಗೆ ಮಾತ್ರ ಹಳೇದು. ಈ ಜಗಳ ನಾನು ಬೇರೆ ಕಡೆಯೂ ನೋಡಿದ್ದೇನೆ. ಕ್ಲೌಡ್‌ಫ್ಲೇರ್ ಖಾತೆಯ ಪಾಸ್‌ವರ್ಡ್ ಯಜಮಾನರ ಅಳಿಯನ ಹತ್ತಿರ ಇತ್ತು, ಅವರು ಬೆಂಗಳೂರಲ್ಲಿ. ಅವರನ್ನು ಹಿಡಿದು, ಒಳಗೆ ಹೋಗಿ, ಮುಖಪುಟದ ವಿಳಾಸವೊಂದನ್ನೇ ಕೊಟ್ಟು ಪರ್ಜ್ ಮಾಡಿಸಿದೆ, ಅಂದರೆ ಅದರ ಹಳೇ ಪ್ರತಿ ತೆಗೆಸಿದೆ. ‘ಪರ್ಜ್ ಎವೆರಿಥಿಂಗ್’ ಒತ್ತಿದರೂ ನಡೆಯುತ್ತಿತ್ತು, ಸಣ್ಣ ಸೈಟ್‌ಗೆ ನಷ್ಟವೇನಿಲ್ಲ. ಆಮೇಲೆ ಆ ನಿಯಮದಿಂದ ಮುಖಪುಟ ತೆಗೆಸಿದೆ. ಇಂಥ ಹೊತ್ತಲ್ಲಿ ‘ಡೆವಲಪ್‌ಮೆಂಟ್ ಮೋಡ್’ ಕೂಡ ಉಪಯೋಗಕ್ಕೆ ಬರುತ್ತದೆ, ಮೂರು ಗಂಟೆ ಕ್ಯಾಶ್ ಪಕ್ಕಕ್ಕಿಟ್ಟು ತಾನೇ ವಾಪಸ್ ಬರುತ್ತದೆ.

"ಈಗ ಬಂತು" ಅಂದರು ಯಜಮಾನರು. ಆದರೆ ನಾಳೆ ಹುಡುಗ ಮತ್ತೆ ಎಕ್ಸೆಲ್ ಏರಿಸಿದರೆ ಮತ್ತೆ ಇದೇ ಕತೆ ಅಲ್ವಾ?

ಅಪ್‌ಲೋಡ್ ಕೋಡ್‌ನ ಕೊನೆಗೆ ‘ಕ್ಯಾಶ್ ಫರ್ಗೆಟ್’ ಅಂತ ಒಂದು ಸಾಲು ಬೇಕಿತ್ತು, ಅಷ್ಟೇ. ಫೈಲ್ ಮ್ಯಾನೇಜರ್‌ನ ಎಡಿಟರ್‌ನಲ್ಲೇ ಸೇರಿಸಿ ಉಳಿಸಿದೆ. ಪರೀಕ್ಷೆಗೆ ಎಕ್ಸೆಲ್ ಏರಿಸಿದೆ. ರೇಟ್ ಬದಲಾಗಲಿಲ್ಲ. ಫೈಲ್ ಮತ್ತೆ ತೆರೆದರೆ ನನ್ನ ಸಾಲು ಅಲ್ಲೇ ಇದೆ. ಓಡುತ್ತಿರುವುದು ಮಾತ್ರ ಹಳೇ ಕೋಡ್.

ಇದು ಓಪಿಕ್ಯಾಶ್. ಪಿಎಚ್‌ಪಿ ಪ್ರತಿ ಸಲ ಫೈಲ್ ಓದಿ ಅರ್ಥಮಾಡಿಕೊಳ್ಳುವ ಬದಲು, ಒಮ್ಮೆ ಅರ್ಥಮಾಡಿಕೊಂಡದ್ದನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಫೈಲ್ ಬದಲಾಗಿದೆಯೇ ಅಂತ ಆಗಾಗ ನೋಡುತ್ತದೆ. ಪಿಎಚ್‌ಪಿ ಹೇಳುವ ಲೆಕ್ಕ 2 ಸೆಕೆಂಡ್‌ಗೊಮ್ಮೆ. ಹೋಸ್ಟಿಂಗ್‌ನವರು ಸರ್ವರ್ ಹಗುರ ಆಗಲಿ ಅಂತ ಅದನ್ನು ಜಾಸ್ತಿ ಮಾಡಿರುತ್ತಾರೆ. ಪಿಎಚ್‌ಪಿಇನ್ಫೋ ಪುಟ ಮಾಡಿ ನೋಡಿದೆ, ಇಲ್ಲಿ ಎಷ್ಟೋ ನಿಮಿಷಗಳಷ್ಟು ಇಟ್ಟಿದ್ದರು. ಕಾದರೆ ತಾನೇ ಸರಿಹೋಗುತ್ತಿತ್ತು. ನನಗೆ ಕಾಯುವ ವ್ಯವಧಾನ ಇರಲಿಲ್ಲ. ಪಬ್ಲಿಕ್ ಫೋಲ್ಡರ್‌ನಲ್ಲಿ ಊಹಿಸಲಾಗದ ಹೆಸರಿನ ಸಣ್ಣ ಪಿಎಚ್‌ಪಿ ಫೈಲ್ ಮಾಡಿ, ಅದರಲ್ಲಿ ‘ಓಪಿಕ್ಯಾಶ್ ರೀಸೆಟ್’ ಫಂಕ್ಷನ್ ಒಂದನ್ನೇ ಕರೆದು, ಬ್ರೌಸರ್‌ನಲ್ಲಿ ತೆರೆದೆ. ಕೂಡಲೇ ಹೊಸ ಕೋಡ್ ಓಡಿತು. ಆ ಫೈಲ್, ಪಿಎಚ್‌ಪಿಇನ್ಫೋ ಫೈಲ್, ಎರಡನ್ನೂ ಅಳಿಸಿದೆ. ಕಾನ್ಫಿಗ್.ಪಿಎಚ್‌ಪಿಗೆ ಓಪಿಕ್ಯಾಶ್ ಯಾಕೆ ಅಡ್ಡ ಬರಲಿಲ್ಲ ಅಂತ ಕೇಳಬಹುದು. ಅಲ್ಲಿ ಫೈಲ್ ತಿದ್ದಲಿಲ್ಲ, ತೆಗೆದೆ. ಫೈಲ್ ಇದೆಯೇ ಅಂತ ಲಾರಾವೆಲ್ ಮೊದಲು ಕೇಳುತ್ತದೆ. ಇಲ್ಲ ಅಂದ ಮೇಲೆ ಅದನ್ನು ಕರೆಯುವುದೇ ಇಲ್ಲ. ಕ್ಯಾಶ್ ಫೈಲ್ ತೆರೆದು ಅದರೊಳಗೇ ಪಾಸ್‌ವರ್ಡ್ ತಿದ್ದುವ ಬುದ್ಧಿವಂತರು ಇದೇ ಕಾರಣಕ್ಕೆ ತಲೆ ಕೆರೆದುಕೊಳ್ಳುತ್ತಾರೆ.

ಇಷ್ಟಾದ ಮೇಲೂ ಒಂದು ಕುತೂಹಲ ಉಳಿದಿತ್ತು. ಟರ್ಮಿನಲ್ಲೇ ಇಲ್ಲದ ಈ ಹೋಸ್ಟಿಂಗ್‌ನಲ್ಲಿ ಆ ಕಾನ್ಫಿಗ್.ಪಿಎಚ್‌ಪಿ ಹುಟ್ಟಿದ್ದು ಹೇಗೆ? ಮುಂದಿನ ಸಲಕ್ಕೆ ಕೈಗೆ ಸಿಗುವ ಹಾಗೆ ಏನಾದರೂ ಇರಲಿ ಅಂತ ರೂಟ್ಸ್ ಫೋಲ್ಡರ್‌ನ ವೆಬ್.ಪಿಎಚ್‌ಪಿ ತೆರೆದಾಗ ಉತ್ತರ ಸಿಕ್ಕಿತು. ಮೊದಲಿನವರು ‘/ಆಪ್ಟಿಮೈಜ್’ ಅಂತ ಒಂದು ರೂಟ್ ಮಾಡಿಟ್ಟಿದ್ದರು. ಆ ವಿಳಾಸ ತೆರೆದರೆ ‘ಆರ್ಟಿಸನ್ ಕಾಲ್’ ಮೂಲಕ ಕಾನ್ಫಿಗ್:ಕ್ಯಾಶ್, ರೂಟ್:ಕ್ಯಾಶ್ ಎರಡೂ ಓಡುತ್ತಿದ್ದವು. ಕ್ಯಾಶ್ ಫೈಲ್‌ಗಳನ್ನು ಹೊಸದಾಗಿ ಬರೆಯುವ ಕಮಾಂಡ್‌ಗಳು ಅವು. ಲಾಗಿನ್ ಇಲ್ಲ, ಗುಟ್ಟಿನ ಪದ ಇಲ್ಲ, ಏನೂ ಇಲ್ಲ. ಜಗತ್ತಿನಲ್ಲಿ ಯಾರು ಬೇಕಾದರೂ ತೆರೆಯಬಹುದಿತ್ತು. ಅವರು ಪ್ರತಿ ಬದಲಾವಣೆಯಾದ ಮೇಲೆ ಅದನ್ನು ತೆರೆಯುತ್ತಿದ್ದಿರಬೇಕು. ಅವರು ಹೋದ ಮೇಲೆ ಆ ವಿಳಾಸ ಇದೆ ಅಂತ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದು ನಾನು ಮೊದಲೇ ಅದನ್ನು ತೆರೆದಿದ್ದರೆ ಹ್ಯಾಶ್‌ನಿಂದ ತುಂಡಾದ ಅರ್ಧ ಪಾಸ್‌ವರ್ಡೇ ಕ್ಯಾಶ್‌ಗೆ ಹೋಗುತ್ತಿತ್ತು, ಜೊತೆಗೆ ಆ ‘ಡಿಬಗ್ ಟ್ರೂ’ ಕೂಡ ಗಟ್ಟಿಯಾಗಿ ಕೂರುತ್ತಿತ್ತು.

ನೀವು ಹುಡುಕಿದರೆ ಬಹಳ ಕಡೆ ಸಿಗುವ ಸಲಹೆ ಇದೇ: ಒಂದು ರೂಟ್ ಮಾಡಿ, ಅದರಲ್ಲಿ ಆರ್ಟಿಸನ್ ಕರೆಯಿರಿ. ಕೆಲಸ ಮಾಡುತ್ತದೆ. ಆದರೆ ರೂಟ್ಸ್-ವಿ7.ಪಿಎಚ್‌ಪಿ ಇದ್ದರೆ ನೀವು ಹೊಸದಾಗಿ ಬರೆದ ರೂಟ್ ಲಾರಾವೆಲ್‌ಗೆ ಕಾಣುವುದೇ ಇಲ್ಲ, 404 ಬರುತ್ತದೆ. ಕ್ಯಾಶ್ ತೆಗೆಯುವ ದಾರಿಯನ್ನೇ ಕ್ಯಾಶ್ ಮುಚ್ಚಿರುತ್ತದೆ. ಮೊದಲು ಆ ಫೈಲ್ ಕೈಯಾರೆ ತೆಗೆಯಬೇಕು. ತೆಗೆದೆ. ಹಳೇ ‘/ಆಪ್ಟಿಮೈಜ್’ ರೂಟನ್ನೂ ಕಿತ್ತು ಹಾಕಿದೆ.

ಹೇಳಿದ ಹೊತ್ತಿಗೆ ಕೆಲಸ ಓಡಿಸುವ ಸಿಪ್ಯಾನೆಲ್‌ನ ಕ್ರಾನ್ ಜಾಬ್ಸ್ ಇನ್ನೊಂದು ದಾರಿ. ಟರ್ಮಿನಲ್ ಕೊಡದವರೂ ಕ್ರಾನ್ ಕೊಡುತ್ತಾರೆ, ಕ್ರಾನ್ ಅಂದರೆ ಕಮಾಂಡ್ ಓಡಿಸುವುದೇ ತಾನೆ. ನಿಮಿಷಕ್ಕೊಮ್ಮೆ ಅಂತ ಇಟ್ಟು, ಪಿಎಚ್‌ಪಿಯ ಪೂರ್ತಿ ದಾರಿ, ಆರ್ಟಿಸನ್ ಫೈಲ್‌ನ ಪೂರ್ತಿ ದಾರಿ, ಆಮೇಲೆ ಆಪ್ಟಿಮೈಜ್:ಕ್ಲಿಯರ್ ಬರೆದರೆ ಆಯ್ತು. ಓಡಿದ ಮೇಲೆ ಆ ಜಾಬ್ ಅಳಿಸಬೇಕು, ಇಲ್ಲದಿದ್ದರೆ ನಿಮಿಷ ನಿಮಿಷಕ್ಕೂ ಅಳಿಸುತ್ತಲೇ ಇರುತ್ತದೆ. ಇದನ್ನೂ ಪ್ರಯೋಗ ಮಾಡಿ ನೋಡಿದೆ. ಮೊದಲ ಸಲ ಮೇಲ್‌ಗೆ ಬಂದದ್ದು ‘ಕಂಪೋಸರ್ ಡಿಟೆಕ್ಟೆಡ್ ಇಶ್ಯೂಸ್ ಇನ್ ಯುವರ್ ಪ್ಲಾಟ್‌ಫಾರ್ಮ್’. ಸೈಟ್ ಓಡುತ್ತಿರುವುದು ಪಿಎಚ್‌ಪಿ 8.0ರಲ್ಲಿ, ಕ್ರಾನ್‌ನಲ್ಲಿ ಸುಮ್ನೆ ‘ಪಿಎಚ್‌ಪಿ’ ಅಂದರೆ ಸಿಗುವುದು ಹಳೇ ಆವೃತ್ತಿ. ‘/ಆಪ್ಟ್/ಸಿಪ್ಯಾನೆಲ್/ಇಎ-ಪಿಎಚ್‌ಪಿ80/ರೂಟ್/ಯುಎಸ್ಆರ್/ಬಿನ್/ಪಿಎಚ್‌ಪಿ’ ಅಂತ ಉದ್ದಕ್ಕೆ ಬರೆದ ಮೇಲೆ ಓಡಿತು. ಒಂದು ಮಿತಿ ಇದೆ. ಕ್ರಾನ್‌ನ ಪಿಎಚ್‌ಪಿ ಬೇರೆ, ವೆಬ್‌ನ ಪಿಎಚ್‌ಪಿ ಬೇರೆ. ಓಪಿಕ್ಯಾಶ್ ರೀಸೆಟ್ ಅನ್ನು ಕ್ರಾನ್‌ನಿಂದ ಮಾಡಿದರೆ ವೆಬ್‌ನದಕ್ಕೆ ಬಿಸಿಯೂ ತಾಗುವುದಿಲ್ಲ.

ಕೊನೆಗೆ ಅಡ್ಮಿನ್ ಪುಟದಲ್ಲಿ, ಲಾಗಿನ್ ಆದವರಿಗೆ ಮಾತ್ರ ಕಾಣುವ ಹಾಗೆ, ‘ರೇಟ್ ಹೊಸದು ಮಾಡು’ ಅಂತ ಒಂದು ಬಟನ್ ಇಟ್ಟೆ. ಅದು ಮರೆಸುವುದು ರೇಟಿನ ಕ್ಯಾಶ್ ಒಂದನ್ನೇ. ಕಾನ್ಫಿಗ್ ಮುಟ್ಟುವುದಿಲ್ಲ, ಸೆಷನ್ ಮುಟ್ಟುವುದಿಲ್ಲ. ಎಕ್ಸೆಲ್ ಅಪ್‌ಲೋಡ್ ಸರಿಯಾಗಿರುವುದರಿಂದ ಅದರ ಅಗತ್ಯವೇ ಇಲ್ಲ. ಆದರೂ ಹುಡುಗ ದಿನಾ ಒತ್ತುತ್ತಾನೆ, ಒತ್ತಲಿ. ಪ್ಲಾನ್ ನವೀಕರಿಸುವ ಹೊತ್ತಿಗೆ ಎಸ್‌ಎಸ್‌ಎಚ್ ಇರುವುದನ್ನು ತಗೊಳ್ಳಿ ಅಂತ ಯಜಮಾನರಿಗೆ ಹೇಳಿದೆ.

"ಬಟನ್ ಇದ್ದಲ, ಮತ್ತೆ ಎಂತಕ್ಕೆ?" ಅಂದರು.